ಕಣ್ಣಿನ ಡಿಗ್ರಿ

ಹಾಲಿಗೆ ನೀರು ಬೆರೆಸಿ ಪ್ರಮೀಳಮ್ಮನ ಕೈಯಿಂದ ಪಾರಾದವರು ಚಿಕ್ಕಗಟ್ಟಹಳ್ಳಿಯಲ್ಲಿ ಯಾರೂ ಇರಲಿಲ್ಲ. ಹಾಲು ಡೇರಿಯ ಸೆಕ್ರೆಟರಿಯಾಗಿ ಹನ್ನೊಂದು ವರ್ಷ. ಕ್ಯಾನಿನ ಮುಚ್ಚಳ ತೆಗೆಯುವಾಗಲೇ ಆಕೆಗೆ ಅರ್ಧ ಗೊತ್ತಾಗಿಬಿಡುತ್ತಿತ್ತು, ಉಳಿದರ್ಧ ಡಿಗ್ರಿ ನೋಡಿದರೆ. ಹಾಲಿನ ಗಟ್ಟಿತನ ಅಳೆಯಲು ಅದರಲ್ಲಿ ತೇಲಿಬಿಡುವ ಗಾಜಿನ ಕಡ್ಡಿ ಇದೆಯಲ್ಲ, ಅದು ತೋರಿಸುವುದನ್ನು ಕೋಲಾರದ ಕಡೆ ಡಿಗ್ರಿ ಎಂದೇ ಕರೆಯುವುದು. ಒಮ್ಮೆ ಸ್ವಂತ ಅತ್ತೆ ತಂದ ಹಾಲನ್ನೇ ವಾಪಸು ಕಳಿಸಿ, ಅತ್ತೆಯ ಬಾಯಿಂದ ಎರಡು ತಿಂಗಳು ಒಂದು ಮಾತೂ ಕೇಳದೆ ಬದುಕಿದವಳು. ಅಂಥವಳು ಇಡೀ ಜಿಲ್ಲೆಗೆ ಟೋಪಿ ಹಾಕಿದ ಕಥೆ ಇದು.

ಆ ವರ್ಷ ಡೇರಿಗೆ ಇನ್ನೊಂದು ಯಂತ್ರ ಬಂತು. ಹಾಲಿನದಲ್ಲ, ಕಣ್ಣಿನದು. ಗೋಡೆಗೆ ಮೊಳೆ ಹೊಡೆದು ಕೂರಿಸಿದ ಕಪ್ಪು ಡಬ್ಬ, ಬಾಯಿಗೆ ರಬ್ಬರಿನ ಅಂಚು. ಮುಖ ಒತ್ತಿಟ್ಟರೆ ಒಳಗೆ ಕತ್ತಲೋ ಕತ್ತಲು. ಒಂದು ಸಲ ಬೆಳಕು ಮಿಂಚಿ ಆರುತ್ತದೆ. ಆಮೇಲೆ ಆ ಕತ್ತಲಲ್ಲಿ ಕಣ್ಣಿನ ಪಾಪೆ ಎಷ್ಟು ಬೇಗ, ಎಷ್ಟು ಅಗಲ ತೆರೆದುಕೊಂಡಿತು ಎಂದು ಕ್ಯಾಮೆರಾ ಅಳೆದು, ಇಪ್ಪತ್ತು ಎಣಿಸುವಷ್ಟರಲ್ಲಿ ನೂರಕ್ಕೆ ಇಷ್ಟು ಎಂದು ಹೊರಗೆ ತೋರಿಸುತ್ತದೆ. ಊರಿನವರು ಅದಕ್ಕೆ ಕಣ್ಣಿನ ಡಿಗ್ರಿ ಎಂದು ಹೆಸರಿಟ್ಟು ಮೂರೇ ದಿನದಲ್ಲಿ ತಮ್ಮದು ಮಾಡಿಕೊಂಡರು.

ಯಂತ್ರ ಕೂರಿಸಲು ಬಂದಿದ್ದ ಡಾಕ್ಟರ್ ಸುಲೋಚನಾ ಪಾಟೀಲ ಅವತ್ತೇ ಎಲ್ಲ ಬಿಡಿಸಿ ಹೇಳಿದ್ದರು. ನರದಿಂದ ಸ್ನಾಯುವಿಗೆ ಸುದ್ದಿ ಒಯ್ಯುವ ಒಂದು ರಸ ನಮ್ಮ ಮೈಯಲ್ಲಿದೆ. ಸುದ್ದಿ ಮುಟ್ಟಿದ ಮೇಲೆ ಆ ರಸವನ್ನು ಗುಡಿಸಿ ಹಾಕುವ ಕಿಣ್ವ ಇನ್ನೊಂದಿದೆ, ಅಂಗಳ ಗುಡಿಸುವ ಹೆಂಗಸಿನ ಹಾಗೆ. ಹುಳಕ್ಕೆ ಹೊಡೆಯುವ ಎಷ್ಟೋ ಔಷಧಿಗಳು ಮಾಡುವುದಿಷ್ಟೆ, ಆ ಗುಡಿಸುವವಳ ಕೈ ಕಟ್ಟಿಹಾಕುವುದು. ಹುಳ ಸಾಯುವುದು ಹಾಗೆ. ಮನುಷ್ಯನ ಮೈಯಲ್ಲೂ ಗುಡಿಸುವವಳು ಅವಳೇ ಆದ್ದರಿಂದ, ಔಷಧಿ ಹೊಡೆಯುವವನ ಮೈಯಲ್ಲಿ ದಿನದಿನವೂ ಕಸ ನಿಲ್ಲುತ್ತ ಹೋಗುತ್ತದೆ. ತಲೆನೋವು, ಬೆವರು, ಕೈನಡುಕ ಎಲ್ಲ ಆಮೇಲೆ. ಮೊದಲು ಸೊರಗುವುದು ಕಣ್ಣಿನ ಪಾಪೆ, ಕತ್ತಲಲ್ಲೂ ಅಗಲವಾಗದೆ ಸಾಸಿವೆ ಕಾಳಾಗಿ ಕೂರುತ್ತದೆ.

ಯಂತ್ರದ ಜೊತೆ ಕಾನೂನೂ ಬಂತು. ಬೆನ್ನಿಗೆ ಹೊರುವ ಬ್ಯಾಟರಿ ಪಂಪುಗಳಿಗೆಲ್ಲ ಬೀಗ. ಬೆಳಿಗ್ಗೆ ಹಾಲು ಹಾಕಲು ಬಂದವನು ಡಬ್ಬಕ್ಕೆ ಮುಖ ಕೊಡಬೇಕು. ಅರವತ್ತರ ಮೇಲೆ ಬಂದರೆ ಅವನ ಪಂಪು ಸಂಜೆಯವರೆಗೆ ತೆರೆದಿರುತ್ತದೆ. ಕೆಳಗೆ ಬಂದರೆ ಮತ್ತೆ ಅರವತ್ತು ಮುಟ್ಟುವ ತನಕ ಬೀಗ, ಅದಕ್ಕೆ ಸಾಮಾನ್ಯವಾಗಿ ಮೂರು ವಾರ ಬೇಕು. ಚಿಕ್ಕಗಟ್ಟಹಳ್ಳಿಯಲ್ಲಿ ಪಂಪಿನ ಲೈಸೆನ್ಸು ಇದ್ದವರು ಮೂವತ್ತೇಳು ಜನ. ಮೊದಲ ಬೀಗ ಬಿದ್ದದ್ದು ಚೌಡರೆಡ್ಡಿಯ ಪಂಪಿಗೆ. ಚೌಡರೆಡ್ಡಿ ಎಂದರೆ ಪ್ರಮೀಳಮ್ಮನ ಗಂಡ.

"ಐವತ್ನಾಲ್ಕು," ಅಂದಳು.

"ಸರಿಯಾಗ್ ನೋಡೇ."

"ಸರಿಯಾಗೇ ನೋಡ್ದೆ. ನಿಮ್ಮಮ್ಮನ ಹಾಲನ್ನೇ ಬುಡ್ಲಿಲ್ಲ, ನಿಮ್ಮ ಕಣ್ಣನ್ನ ಬುಡ್ತೀನಾ?"

ಸಾಲಿನಲ್ಲಿದ್ದವರು ನಕ್ಕರು. ಚೌಡರೆಡ್ಡಿ ನಗಲಿಲ್ಲ. ಅವನ ಒಂದೂಕಾಲು ಎಕರೆ ಟೊಮೆಟೊ ಮೊದಲನೇ ಕೊಯ್ಲಿಗೆ ಬಂದಿತ್ತು, ಜೊತೆಗೆ ಕಾಯಿ ಕೊರೆಯುವ ಹುಳವೂ ಬಂದಿತ್ತು. ಮಧ್ಯಾಹ್ನ ತೋಟದಿಂದ ಒಂದು ಮಡಿಲು ಕಾಯಿ ತಂದು ಜಗುಲಿಯ ಮೇಲೆ ಸುರಿದು, ಒಂದೊಂದನ್ನೇ ಹಿಸಿದು ತೋರಿಸಿದ. ಹತ್ತರಲ್ಲಿ ನಾಲ್ಕರೊಳಗೆ ಹಸಿರು ಹುಳ ಆರಾಮವಾಗಿ ಮಲಗಿತ್ತು.

"ಪಂಪಿಗೆ ಬೀಗ ಹಾಕಿದ್ರು. ಇದಕ್ಕೆ ಯಾರ್ ಹಾಕ್ತಾರೆ?" ಅಂದ.

ಬೇರೆಯವರನ್ನು ಕರೆದು ಹೊಡೆಸೋಣ ಎಂದರೆ ಎಲ್ಲರ ಕಣ್ಣೂ ಅರವತ್ತೈದರ ಆಸುಪಾಸಿನಲ್ಲೇ ತೂಗುತ್ತಿತ್ತು. ಇನ್ನೊಬ್ಬರ ತೋಟಕ್ಕೆ ಹೊಡೆದು ತನ್ನ ಪಂಪಿಗೆ ಬೀಗ ಹಾಕಿಸಿಕೊಳ್ಳಲು ಯಾವನು ಒಪ್ಪುತ್ತಾನೆ?

ಎರಡು ದಿನ ಬಿಟ್ಟು ಗಂಗುಲಮ್ಮನ ಕಣ್ಣು ತೊಂಬತ್ತೇಳು ತೋರಿಸಿತು. ಗಂಗುಲಮ್ಮ ಗಂಡ ಹೋದ ಮೇಲೆ ತಾನೇ ಪಂಪು ಹೊತ್ತ ಗಟ್ಟಿಗಿತ್ತಿ, ಮೂವತ್ತೇಳರಲ್ಲಿ ಒಬ್ಬಳೇ ಹೆಂಗಸು. ಅವಳದು ಯಾವತ್ತೂ ಅರವತ್ತಾರು ದಾಟಿದ್ದೇ ಇಲ್ಲ. ಬಡಕಲು ಹಸುವಿನ ಹಾಲಿಗೆ ಇದ್ದಕ್ಕಿದ್ದಂತೆ ಎಂಟು ಫ್ಯಾಟು ಬಂದರೆ ಹೇಗೋ ಹಾಗೆ ಪ್ರಮೀಳಮ್ಮನ ಕಿವಿ ನೆಟ್ಟಗಾಯಿತು.

"ಏನ್ ಮಾಡ್ಕಂಡ್ ಬಂದೆ ಗಂಗುಲಮ್ಮ?"

"ನಾನೇನ್ ಮಾಡ್ಕಳ್ಳಿ ಅಕ್ಕ? ನಿನ್ನೆ ಕಳೆ ಕೀಳ್ತಾ ಉಮ್ಮತ್ತಿ ಗಿಡ ಕೈಯಲ್ಲೇ ಮುರ್ದೋಯ್ತು. ಅದೇ ಕೈಯಲ್ಲಿ ಕಣ್ಣುಜ್ಕಂಡ್ಬುಟ್ಟೆ. ಬೆಳಕಿಗೆ ಕಣ್ ಬುಡಕ್ಕಾಗ್ತಿಲ್ಲ, ಅಕ್ಕಿ ಆರ್ಸಕ್ ಕೂತ್ರೆ ಕಲ್ಲ್ಯಾವ್ದು ಅಕ್ಕಿ ಯಾವ್ದು ಅಂತ ಕಾಣ್ತಿಲ್ಲ."

ಪ್ರಮೀಳಮ್ಮ ಅವಳ ಗಲ್ಲ ಹಿಡಿದೆತ್ತಿ ನೋಡಿದಳು. ಪಾಪೆ ಕಣ್ಣುಗುಡ್ಡೆಯನ್ನೇ ನುಂಗುವಷ್ಟು ಅಗಲವಾಗಿತ್ತು. ಯಂತ್ರ ಮಾಡಿದವರು ಪಾಪೆ ಕುಗ್ಗುವುದನ್ನು ಹಿಡಿಯಲು ಕಾದು ಕೂತಿದ್ದರೇ ಹೊರತು, ಅದನ್ನು ಯಾರಾದರೂ ಬೇಕೆಂದೇ ಹಿಗ್ಗಿಸಿಕೊಂಡು ಬರಬಹುದೆಂದು ಯೋಚಿಸಿರಲಿಲ್ಲ. ಮೋಸದ ದಾರಿಗಳನ್ನೆಲ್ಲ ಹನ್ನೊಂದು ವರ್ಷ ಕಂಡವಳಿಗೆ ಅದು ಆ ಕ್ಷಣದಲ್ಲೇ ಗೊತ್ತಾಯಿತು. ಮನೆಯ ಹಿಂದಿನ ತಿಪ್ಪೆಯ ಪಕ್ಕದಲ್ಲಿ ಮುಳ್ಳುಕಾಯಿ ಬಿಟ್ಟು ನಿಂತಿದ್ದ ಉಮ್ಮತ್ತಿ ಗಿಡವೂ ನೆನಪಾಯಿತು.

ಒಂದು ದಿನ ಪೂರ್ತಿ ಮನಸ್ಸು ಆ ಕಡೆ ಈ ಕಡೆ ಎಳೆದಾಡಿತು. ಮಾರನೇ ದಿನ ಚೌಡರೆಡ್ಡಿ ತಂದ ಕಾಯಿಗಳಲ್ಲಿ ಹತ್ತಕ್ಕೆ ಆರು ತೂತು. ಪ್ರಮೀಳಮ್ಮ ಸೀದಾ ತಿಪ್ಪೆಯ ಕಡೆ ನಡೆದಳು. ಪೂರ್ತಿ ರಸ ಹಾಕಿದರೆ ಸಂಖ್ಯೆ ವಿಪರೀತ ಏರಿ ಸಿಕ್ಕಿಬೀಳುತ್ತೇವೆಂದು ಅದಕ್ಕೆ ಬೇರೆ ನೀರು ಬೆರೆಸಿದಳು. ಗಂಡನನ್ನು ಜಗುಲಿಯ ಮೇಲೆ ಕೂರಿಸಿ, ಹತ್ತಿಯಲ್ಲಿ ಅದ್ದಿ ಅವನ ಕಣ್ಣಿಗೆ ಹಿಂಡಲು ಬಗ್ಗಿದಳು.

"ನೀರ್ ಹಾಕೋರ್ನ ಹಿಡಿಯೋಳು ನೀನು," ಎಂದು ಚೌಡರೆಡ್ಡಿ ಮುಖ ಮೇಲೆತ್ತಿಕೊಂಡೇ ನಕ್ಕ.

"ಬಾಯ್ ಮುಚ್ಕಂಡ್ ಕಣ್ ಬಿಡಿ."

ಬೆಳಿಗ್ಗೆ ತೊಂಬತ್ತಮೂರು ಬಂತು. ಪಂಪಿನ ಬೀಗ ಟಕ್ಕೆಂದು ಬಿಟ್ಟುಕೊಂಡಿತು. ಕಾಯಿ ಉಳಿಯಿತು.

ಇಂಥ ವಿಷಯ ಒಂದು ಮನೆಯಲ್ಲಿ ನಿಲ್ಲುತ್ತದೆಯೇ? ವಾರದೊಳಗೆ ಎಂಟು ಮನೆ, ತಿಂಗಳೊಳಗೆ ಮೂವತ್ತೇಳೂ ಮನೆ. ಬಿಸಿಲಿಗೆ ಹೊರಟವರೆಲ್ಲ ತಲೆಯ ಟವಲನ್ನು ಹಣೆಯ ಮೇಲೆ ಇಳಿಬಿಟ್ಟುಕೊಂಡು ನೆಲ ನೋಡುತ್ತ ನಡೆಯತೊಡಗಿದರು. ಪೇಪರು ಓದುತ್ತಿದ್ದವರು ಬಿಟ್ಟರು. ಯಾರೂ ಯಾರನ್ನೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಪ್ರಮೀಳಮ್ಮ ಬೆಳಿಗ್ಗೆ ಬೋರ್ಡಿನ ಮೇಲೆ ಎಡಗಡೆ ಹಾಲಿನ ಡಿಗ್ರಿ, ಬಲಗಡೆ ಕಣ್ಣಿನ ಡಿಗ್ರಿ ಬರೆಯುತ್ತಿದ್ದಳು. ಎಡಗಡೆಯದು ಮಾತ್ರ ನಿಜ.

ಮೂರು ತಿಂಗಳಾದ ಮೇಲೆ ಕೋಲಾರದಿಂದ ಕರೆ ಬಂತು. ಕಣ್ಣಳತೆ ಕೇಂದ್ರಕ್ಕೆ ಬನ್ನಿ, ಸನ್ಮಾನ ಇದೆ ಎಂದರು. ಪ್ರಮೀಳಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ಹೋದಳು.

ಕೇಂದ್ರವೆಂದರೆ ಎಲ್ಲ ಊರಿನ ಡಬ್ಬಗಳ ಸಂಖ್ಯೆ ಬಂದು ಸೇರುವ, ತಣ್ಣಗಿನ ಒಂದು ದೊಡ್ಡ ಕೋಣೆ. ಗೋಡೆಯ ತುಂಬ ಜಿಲ್ಲೆಯ ನಕ್ಷೆ, ಊರಿಗೊಂದು ದೀಪ. ಕೆಂಪು, ಕಿತ್ತಳೆ, ಮತ್ತೆ ಕೆಂಪು. ನಡುವೆ ಒಂದೇ ಒಂದು ಹಸಿರು ದೀಪ.

"ಇದ ನೋಡ್ರಿ ನಿಮ್ಮೂರು," ಎಂದರು ಡಾಕ್ಟರ್ ಪಾಟೀಲ. ಅವರ ಕಣ್ಣಲ್ಲಿ ಮಗಳು ರ‍್ಯಾಂಕ್ ಬಂದಷ್ಟು ಖುಷಿ. "ಅಕ್ಕಪಕ್ಕದ ಊರಾಗೂ ಅದ ಬೆಳಿ, ಅದ ಔಷಧ. ಅಲ್ಲಿ ಐವತ್ತು, ನಿಮ್ಮಲ್ಲಿ ತೊಂಬತ್ತು. ಏನ್ ಮಾಡ್ತೀರಿ ನೀವು? ನನಗ ಹೇಳ್ರಿ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ಆದರೆ ಎದುರಿಗೆ ಮಡಿಚಿಟ್ಟ ಶಾಲು, ಹಣ್ಣಿನ ತಟ್ಟೆ.

"ಗ್ಲೌಸ್ ಹಾಕ್ಕೊಳ್ತಾರೆ ಮೇಡಂ," ಅಂದಳು. "ಎಲ್ಲಾರೂ."

"ಅಷ್ಟ?"

"ಅಷ್ಟೇ."

ಡಾಕ್ಟರ್ ಪಾಟೀಲ ಆ ಹಸಿರು ದೀಪದ ಮೇಲೆ ಬೆರಳಿಟ್ಟರು. "ನಮ್ಮಪ್ಪ ಹತ್ತಿಗೆ ಔಷಧ ಹೊಡೀತಿದ್ದ," ಎಂದರು. "ಐವತ್ತು ತುಂಬೋದ್ರಾಗ ಕೈ ನಡುಕ, ಮರೆವು. ವಯಸ್ಸಿಗೆ ಬರೋದು ಅಂದ್ರು ಎಲ್ಲಾರೂ. ಒಂದು ಜೋಡಿ ಗ್ಲೌಸ್‌ನಾಗ ಮುಗೀತಿತ್ತಂದ್ರ..." ಅಲ್ಲಿಗೆ ನಿಲ್ಲಿಸಿ ಕಾಗದವೊಂದನ್ನು ಮುಂದಿಟ್ಟರು. ವಾರಕ್ಕೆ ಎರಡೇ ಸಲ ಹೊಡೆಯಬೇಕೆಂಬ ಮಿತಿ ಇತ್ತು. ಚಿಕ್ಕಗಟ್ಟಹಳ್ಳಿಯ ಸಂಖ್ಯೆಗಳನ್ನು ನೋಡಿದ ಮೇಲಿನವರು, ಕೈಗವಸು ಹಾಕಿದರೆ ನಾಲ್ಕು ಸಲ ಹೊಡೆದರೂ ತೊಂದರೆಯಿಲ್ಲ ಎಂದು ಇಡೀ ಜಿಲ್ಲೆಗೆ ಅಪ್ಪಣೆ ಕೊಡಲು ಹೊರಟಿದ್ದರು. ಮುಂದಿನ ತಿಂಗಳಿಂದ ಜಾರಿ.

ಬಸ್ಸಿನಲ್ಲಿ ಕೂತು ಬರುವಾಗ ಪ್ರಮೀಳಮ್ಮನಿಗೆ ಶಾಲು ತೊಡೆಯ ಮೇಲೆ ಕಲ್ಲಿನಷ್ಟು ಭಾರವಾಗಿತ್ತು. ತನ್ನ ಗಂಡನ ಕಾಯಿ ಉಳಿಸಿಕೊಳ್ಳಲು ಹೋಗಿ ಯಾರ್ಯಾರದೋ ಗಂಡಂದಿರ ಬೆನ್ನಿಗೆ ಇನ್ನೆರಡು ಪಂಪು ಹೊರಿಸಿದಂತಾಯಿತಲ್ಲ. ನಾಳೆ ಫೋನು ಮಾಡಿ ಹೇಳಿಬಿಡುತ್ತೇನೆ ಅಂದುಕೊಂಡಳು. ನಾಳೆ ಬಂತು, ಹಾಲು ಬಂತು, ಸಾಲು ಬಂತು, ಹೇಳಲಿಲ್ಲ. ಹಾಗೆಯೇ ಆರು ದಿನ ಹೋಯಿತು.

ಏಳನೇ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಚೌಡರೆಡ್ಡಿ ತೋಟದಿಂದ ಗೋಡೆ ಹಿಡಿದುಕೊಂಡು ಮನೆಗೆ ಬಂದ. ಅಂಗಿ ಬೆವರಲ್ಲಿ ಅದ್ದಿ ತೆಗೆದಂತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿದ್ದರೆ ಒರೆಸಿಕೊಳ್ಳಲು ಕೈ ಏಳುತ್ತಿರಲಿಲ್ಲ. ತೊಡೆಯ ಮಾಂಸ ತನ್ನಷ್ಟಕ್ಕೆ ತಾನು ಪಟಪಟ ಅದುರುತ್ತಿತ್ತು.

"ಏನಾಯ್ತ್ರೀ?"

"ಮುಚ್ಚಳದ ಗೀಟು ಕಾಣ್ಲಿಲ್ಲ," ಎಂದ ತೊದಲುತ್ತ. "ಅಂದಾಜಲ್ ಹಾಕ್ದೆ. ಜಾಸ್ತಿ ಆಯ್ತೇನೋ."

ಔಷಧಿ ಅಳೆಯುವ ಮುಚ್ಚಳದೊಳಗೆ ಕೂದಲೆಳೆಯಂಥ ಗೀಟುಗಳಿರುತ್ತವೆ, ಇಷ್ಟು ನೀರಿಗೆ ಇಷ್ಟು ಎಂದು. ಉಮ್ಮತ್ತಿ ಬಿದ್ದ ಕಣ್ಣಿಗೆ ದೂರದ ಬೆಟ್ಟ ಕಾಣುತ್ತದೆ, ಕೈಯೊಳಗಿನ ಗೀಟು ಕಾಣುವುದಿಲ್ಲ. ಪ್ರಮೀಳಮ್ಮ ಆ ಅಂಗಿ ಬಿಚ್ಚಿ ಎಸೆದಳು. ಮೈಗೆ ಸೋಪು ಹಚ್ಚಿ ಉಜ್ಜಿ, ತಲೆಯ ಮೇಲೆ ನಾಲ್ಕು ಕೊಡ ನೀರು ಸುರಿದಳು. ಆಸ್ಪತ್ರೆಗೆ ಹೀಗೆ ಹೋಗಬಾರದೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿಯನ್ನೂ ಇಟ್ಟಳು. ಹಾಲಿನ ವ್ಯಾನಿನಲ್ಲಿ ಮಲಗಿಸಿಕೊಂಡು ಹೋಬಳಿಯ ಆಸ್ಪತ್ರೆಗೆ ಹೊರಟಾಗ ಗಂಗುಲಮ್ಮನೂ, ಇನ್ನೂ ಏಳೆಂಟು ಜನರೂ ಹತ್ತಿಕೊಂಡರು.

ಅಲ್ಲಿದ್ದವರು ಡಾಕ್ಟರ್ ಇಂದುಶೇಖರ್, ಕೆಲಸಕ್ಕೆ ಸೇರಿ ಒಂದು ವರ್ಷವಾದ ಹುಡುಗ ಡಾಕ್ಟರು. ಔಷಧಿ ಹೊಡೆಯುತ್ತಿದ್ದರು ಎಂದ ಕೂಡಲೇ ಮೊದಲು ಕಣ್ಣಿಗೇ ಟಾರ್ಚು ಬಿಟ್ಟರು. ಪಾಪೆ ಎರಡೂ ಅಗಲ. ಫೋನು ತೆಗೆದು ನೋಡಿದರು. ಅವತ್ತು ಬೆಳಿಗ್ಗೆ ಆರೂವರೆಗೆ ಇದೇ ಮನುಷ್ಯನ ಕಣ್ಣು ತೊಂಬತ್ತನಾಲ್ಕು. ಮೈಯಿಂದ ಬರುತ್ತಿದ್ದುದು ಸೋಪಿನ ವಾಸನೆ. ಕಿವಿಗೆ ಕೊಳವೆ ಹಾಕಿ ಎದೆಗೆ ಇಟ್ಟು ಕೇಳಿದರು.

"ಔಷಧಿ ವಿಷ ಅಲ್ಲಮ್ಮ ಇದು. ವಿಷ ಆಗಿದ್ರೆ ಪಾಪೆ ಚಿಕ್ಕದಾಗ್ತಿತ್ತು. ನಿಮ್ಮೂರು ಹೇಗೂ ಮಾದರಿ ಊರು. ಎದೆಯೊಳಗೆ ನೀರು ತುಂಬ್ತಿದೆ, ಹೃದಯದ ತೊಂದರೆ ಅನ್ಸುತ್ತೆ. ಕೋಲಾರಕ್ಕೆ ಕಳಿಸ್ತೀನಿ."

"ಎಷ್ಟೊತ್ತಾಗುತ್ತೆ?"

"ಆಂಬುಲೆನ್ಸ್ ಬರೋಕೆ ಅರ್ಧ ಗಂಟೆ. ಅಲ್ಲಿಂದ ಒಂದು ಗಂಟೆ."

ಚೌಡರೆಡ್ಡಿಯ ಗಂಟಲಲ್ಲಿ ಗೊರಗೊರ ಸದ್ದು. ಒಂದೂವರೆ ಗಂಟೆ ಈ ಸದ್ದು ಇರುವುದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಪ್ರಮೀಳಮ್ಮ ತಿರುಗಿ ನೋಡಿದಳು. ಬಾಗಿಲಲ್ಲಿ ಊರಿನವರು ನಿಂತಿದ್ದರು, ಎಲ್ಲರ ಪಾಪೆಗಳೂ ಅಗಲ ಅಗಲ. ಬಾಯಿ ಬಿಟ್ಟರೆ ಮೂವತ್ತೇಳು ಪಂಪಿಗೆ ಬೀಗ, ತನ್ನ ಕೆಲಸ ಹೋಗುವುದು ಖಂಡಿತ, ಊರಿನಲ್ಲಿ ಮುಖ ಎತ್ತುವಂತಿಲ್ಲ. ಗಂಗುಲಮ್ಮ ಆಕೆಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಸುಮ್ಮನಿರು ಅಂತಲೋ ಹೇಳು ಅಂತಲೋ, ಅದು ಇವತ್ತಿಗೂ ಪ್ರಮೀಳಮ್ಮನಿಗೆ ಗೊತ್ತಿಲ್ಲ.

"ಆ ಕಣ್ಣು ಸುಳ್ಳು ಡಾಕ್ಟ್ರೇ," ಅಂದಳು. "ಉಮ್ಮತ್ತಿ ರಸ ಹಾಕಿದ್ದೀನಿ. ನಾನೇ ಹಾಕ್ದೋಳು. ಊರಲ್ಲಿ ಎಲ್ಲಾರ ಕಣ್ಣೂ ಸುಳ್ಳೇ. ಇವ್ರು ಔಷ್ದಿ ಅಳತೆ ತಪ್ಪಿ ಹಾಕ್ಕಂಡವ್ರೆ, ಹೊಡೆದು ಬಂದ ಅಂಗಿ ಮನೇಲಿ ಬಿದ್ದಿದೆ. ವಿಷಕ್ಕೇ ನೋಡಿ."

ಇಂದುಶೇಖರ್ ಬೈಯಲೂ ಇಲ್ಲ, ಕೇಳಲೂ ಇಲ್ಲ, ನರ್ಸನ್ನು ಕೂಗಿದರು. ಅಟ್ರೊಪಿನ್ ಎಂಬ ಇಂಜೆಕ್ಷನ್ನು ಒಂದು ಹೋಯಿತು, ಐದು ನಿಮಿಷಕ್ಕೆ ಇನ್ನೊಂದು, ಮತ್ತೈದು ನಿಮಿಷಕ್ಕೆ ಮತ್ತೊಂದು. ಎಣಿಸುತ್ತ ನಿಂತ ಪ್ರಮೀಳಮ್ಮನಿಗೆ ಲೆಕ್ಕ ತಪ್ಪಿತು. ಬಹಳ ಹೊತ್ತಿನ ಮೇಲೆ ಗೊರಗೊರ ಕಡಿಮೆಯಾಗಿ, ಬೆವರು ಆರಿ, ಚೌಡರೆಡ್ಡಿ ಸರಿಯಾಗಿ ಒಂದು ಉಸಿರೆಳೆದ. ಆಕೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಇಂದುಶೇಖರ್ ಕೈ ತೊಳೆದು ಬಂದು ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರಿಗೂ ಬೆವರು ಬಂದಿತ್ತು.

"ನಾನು ಕೊಟ್ಟ ಮದ್ದು ಯಾವುದು ಗೊತ್ತಾ ಅಮ್ಮ? ಉಮ್ಮತ್ತಿಯೊಳಗೆ ಇರೋದೂ ಇದೇ ಜಾತಿಯ ಮದ್ದು. ನೀವು ಮೂರು ತಿಂಗಳಿಂದ ಅದರಿಂದ ಕಣ್ಣನ್ನ ಮಾತ್ರ ಗುಣ ಮಾಡ್ಕೊಂಡು ಬಂದ್ರಿ. ಮೈ ಹಾಗೇ ಉಳೀತು."

ಪ್ರಮೀಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಎದ್ದು ವರಾಂಡಕ್ಕೆ ಹೋಗಿ ಕೋಲಾರಕ್ಕೆ ಫೋನು ಮಾಡಿದಳು. ಎಲ್ಲ ಹೇಳಿದಳು, ಗ್ಲೌಸಿನ ಸುಳ್ಳನ್ನೂ ಬಿಡಲಿಲ್ಲ.

"ಹತ್ತು ದಿನ ಯಾರೂ ಕಣ್ಣಿಗೆ ಏನೂ ಹಾಕಬ್ಯಾಡ್ರಿ," ಎಂದರು ಡಾಕ್ಟರ್ ಪಾಟೀಲ. "ಪಂಪನೂ ಮುಟ್ಟಬ್ಯಾಡ್ರಿ. ಹನ್ನೊಂದನೇ ದಿನ ನೋಡೋಣಂತ. ಆ ನಾಲ್ಕು ಸಲದ ಕಾಗದ ನಾನು ಇವತ್ತ ಹರಿದು ಹಾಕಸ್ತೀನಿ."

"ಹುಳ ಬಿದ್ದಿದೆ ಮೇಡಂ. ಹತ್ತು ದಿನ ಅಂದ್ರೆ ಊರಿನ ಬೆಳೆ ಹೋಗುತ್ತೆ. ಬೀಗ ಹಾಕ್ತೀರಿ, ಹಾಕಿ. ಬೀಗ ಹಾಕಿದ್ಮೇಲೆ ನಾವೇನ್ ಮಾಡ್ಬೇಕು ಅಂತ ನೀವು ಯಾವತ್ತೂ ಹೇಳ್ಲೇ ಇಲ್ಲ. ಅದಕ್ಕೇ ನಾವು ಹಿಂಗ್ ಮಾಡಿದ್ದು."

ಮೂರನೇ ದಿನ ಕೋಲಾರದಿಂದ ಒಂದು ಲಾರಿ ಬಂತು. ಆ ಹುಳದ ಗಂಡು ಚಿಟ್ಟೆಗಳನ್ನು ವಾಸನೆಯಿಂದ ಕರೆದು ಹಿಡಿಯುವ ಬಲೆಗಳು ಅದರಲ್ಲಿದ್ದವು, ಹುಳದ ಕಾಯಿ ಆರಿಸಲು ಇಪ್ಪತ್ತು ಜನರೂ ಇಳಿದರು. ಬೆಳೆ ಅರ್ಧ ಹೋಯಿತು. ಅರ್ಧ ಉಳಿಯಿತು.

ಹನ್ನೊಂದನೇ ದಿನದ ಬೆಳಿಗ್ಗೆ ಡೇರಿಯ ಮುಂದೆ ಎಲ್ಲರೂ ಸೇರಿದ್ದರು, ಆದರೆ ಡಬ್ಬದ ಹತ್ತಿರ ಯಾರೂ ಬರಲಿಲ್ಲ. ಚೌಡರೆಡ್ಡಿ ಹಿಂದಿನ ದಿನವಷ್ಟೇ ಮನೆಗೆ ಬಂದು ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದ. ಕೇಂದ್ರದಲ್ಲಿ ಹೊದಿಸಿದ ಅದೇ ಶಾಲು.

ಪ್ರಮೀಳಮ್ಮನ ಕೆಲಸದ ಬಗ್ಗೆ ಇನ್ನೂ ಯಾವ ಆದೇಶವೂ ಬಂದಿರಲಿಲ್ಲ. ಬರುವವರೆಗೆ ತಾನೇ ಸೆಕ್ರೆಟರಿ ಎಂದು ಆಕೆ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಯಾರಾದರೂ ಮುಂದೆ ಬನ್ನಿ ಎಂದಳು, ಬರಲಿಲ್ಲ. ಸಂಕೋಚವೋ ಭಯವೋ, ಎಲ್ಲರೂ ತಮ್ಮ ತಮ್ಮ ಕ್ಯಾನು ನೋಡುತ್ತಿದ್ದರು. ಸರಿ, ಮೊದಲು ನಾನೇ ಇಟ್ಟು ತೋರಿಸುತ್ತೇನೆ, ಇದರಲ್ಲೇನಿದೆ ಅಂದುಕೊಂಡು ಆಕೆ ಲೈಸೆನ್ಸಿಲ್ಲದ ಹೊಸಬರಿಗೆಂದಿದ್ದ ಗುಂಡಿ ಒತ್ತಿ ಮುಖ ಇಟ್ಟಳು. ಇಷ್ಟು ತಿಂಗಳು ಎಲ್ಲರ ಕಣ್ಣು ಅಳೆದವಳು ತನ್ನದನ್ನು ಒಮ್ಮೆಯೂ ಅಳೆದುಕೊಂಡಿರಲಿಲ್ಲ. ಪಂಪು ಹೊರುವವರಿಗೆ ತಾನೇ ಅದು ಬೇಕಾದದ್ದು. ಕತ್ತಲಾಯಿತು, ಬೆಳಕು ಮಿಂಚಿತು, ಮತ್ತೆ ಕತ್ತಲು. ಇಪ್ಪತ್ತು ಎಣಿಸಿ ಮುಖ ತೆಗೆದಳು.

ನಲವತ್ತೊಂಬತ್ತು.

ಯಂತ್ರ ಕೆಟ್ಟಿದೆ ಎಂದು ಯಂತ್ರದ ಜೊತೆ ಕೊಟ್ಟಿದ್ದ ಗಾಜಿನ ಗೊಂಬೆಕಣ್ಣು ಇಟ್ಟು ಪರೀಕ್ಷೆ ಮಾಡಿದಳು. ಕೆಟ್ಟಿರಲಿಲ್ಲ. ಇನ್ನೊಮ್ಮೆ ಇಟ್ಟಳು. ನಲವತ್ತೊಂಬತ್ತೇ.

ವರ್ಷಗಳಿಂದ ಬರುತ್ತಿದ್ದ ತಲೆನೋವು ಆಕೆಗೆ ಆಗ ನೆನಪಾಯಿತು. ಪಿತ್ತ ಎಂದುಕೊಂಡು ನಿಂಬೆಹಣ್ಣಿನ ಶರಬತ್ತು ಕುಡಿಯುತ್ತಿದ್ದಳು. ಔಷಧಿ ಹೊಡೆದು ಬಂದವನ ಒದ್ದೆ ಅಂಗಿ, ಲುಂಗಿ, ಟವಲನ್ನು ತೊಟ್ಟಿಯಲ್ಲಿ ನೆನೆಹಾಕಿ, ಬರಿಗೈಯಲ್ಲಿ ಹಿಂಡಿ, ಅದೇ ಸೆರಗಿನಲ್ಲಿ ಮುಖ ಒರೆಸಿಕೊಂಡು ಹದಿನೆಂಟು ವರ್ಷ. ಯಾರಿಗೂ ಏನೂ ಹೇಳದೆ ಆಕೆ ಬೋರ್ಡಿನ ಬಲಗಡೆ, ಮೂವತ್ತೇಳು ಹೆಸರುಗಳ ಕೆಳಗೆ, ತನ್ನ ಹೆಸರು ಬರೆದು ಮುಂದೆ ನಲವತ್ತೊಂಬತ್ತು ಎಂದು ಬರೆದಳು. ಚೌಡರೆಡ್ಡಿ ಕಟ್ಟೆಯಿಂದ ಎದ್ದು ನಿಂತ. ಬೋರ್ಡಿನ ಹತ್ತಿರ ಬಂದು, ಸರಿಯಾಗಿ ಕಾಣುವ ಕಣ್ಣಿನಿಂದ ಅದನ್ನು ಎರಡು ಸಲ ಓದಿದ.

ಅಷ್ಟರಲ್ಲಿ ಫೋನು ಬಂತು. ಕೋಲಾರದಲ್ಲಿ ಡಾಕ್ಟರ್ ಪಾಟೀಲ ಪರದೆಯ ಮುಂದೆ ಕೂತೇ ಇದ್ದರು.

"ಪ್ರಮೀಳಮ್ಮಾರ, ಈಗ ಒಂದು ನಲವತ್ತೊಂಬತ್ತು ಬಂತಲ್ರಿ, ಅದರ ಲೈಸೆನ್ಸ್ ನಂಬರ್ ಇಲ್ಲ. ಯಾರದು?"

"ನನ್ನದು ಮೇಡಂ."

"ನೀವೂ ಪಂಪ್ ಹೊರ್ತೀರೇನು?"

"ಇಲ್ಲ ಮೇಡಂ. ಮುಟ್ಟಿದೋಳೂ ಅಲ್ಲ. ಬಟ್ಟೆ ಒಗೆಯೋಳು."

ಕೋಲಾರದಲ್ಲಿ ನಕ್ಷೆಯ ತುಂಬ ದೀಪಗಳಿದ್ದ ಆ ಗೋಡೆಯಲ್ಲಿ ಬಟ್ಟೆ ಒಗೆಯುವವರಿಗೆ ಒಂದು ಚುಕ್ಕೆಯೂ ಇರಲಿಲ್ಲ.

"ನಮ್ಮವ್ವನೂ ಒಗೀತಿದ್ಲು," ಎಂದರು ಡಾಕ್ಟರ್ ಪಾಟೀಲ, ತಮಗೆ ತಾವೇ ಹೇಳಿಕೊಂಡ ಹಾಗೆ. ಆಮೇಲೆ ಕೇಳಿದರು, "ಇನ್ನೂ ಎಷ್ಟು ಮಂದಿ ಇದ್ದೀರಿ ಅಲ್ಲಿ, ನಿಮ್ಮಂಗ?"

ಪ್ರಮೀಳಮ್ಮ ತಲೆಯೆತ್ತಿದಳು. ಗಂಡಸರು ಹಿಂದಕ್ಕೆ ಸರಿದು ದಾರಿ ಬಿಟ್ಟಿದ್ದರು. ಗಂಗುಲಮ್ಮ ತನ್ನ ಹಿಂದೆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೈ ಹಿಡಿದು ಸಾಲಿಗೆ ನಿಲ್ಲಿಸುತ್ತಿದ್ದಳು.

"ಮನೆಗೊಬ್ರು ಇದ್ದೀವಿ ಮೇಡಂ," ಅಂದಳು. "ಬರ‍್ಕೊಳ್ಳಿ, ಹೇಳ್ತೀನಿ."